ಅರ್ಧ ಕ್ಷೌರ

ನೆಲದ ನಡುಕ ನಿಂತಿದ್ದರೂ ಕ್ಷೌರದಂಗಡಿಯಲ್ಲಿ ಮಾತು ನಿಂತಿರಲಿಲ್ಲ. "ಕನ್ನಡಿ ಬಿದ್ದೇ ಹೋಯ್ತು ಅಂದ್ಕೊಂಡೆ," ಎಂದ, ಬಾಗಿಲಿಗೆ ಓಡಿದ್ದ ಡ್ರೈವರ್. "ನನಗೆ ತಲೆ ಸುತ್ತಿದಂಗಾಯ್ತು. ಬಿಪಿ ಇರಬೇಕು ಅಂತ ಜೇಬಲ್ಲಿ ಮಾತ್ರೆ ಹುಡುಕ್ತಿದ್ದೆ," ಎಂದ ಬೆಂಚಿನ ಮೇಲಿದ್ದ ದರ್ಜಿ.

ಕುರ್ಚಿಯಲ್ಲಿ ಕುತ್ತಿಗೆ ತುಂಬ ನೊರೆ ಹಚ್ಚಿಸಿಕೊಂಡು ತೂಕಡಿಸುತ್ತಿದ್ದ, ಕ್ಷೌರಿಕನ ಮಾವ ಕಣ್ಣು ಬಿಟ್ಟರು. "ಭೂಕಂಪನೂ ಇಲ್ಲ, ಮಣ್ಣಂಗಟ್ಟಿನೂ ಇಲ್ಲ. ನಮ್ಮಳಿಯನ ಕೈ ಯಾವತ್ತೂ ಹಿಂಗೇ, ನಡುಗುತ್ತೆ." ಮಗಳನ್ನು ಕೊಟ್ಟ ದಿನದಿಂದಲೂ ಇದೇ ಕೊಂಕು. ಅಳಿಯ ಕ್ಷೌರದ ಕತ್ತಿಯನ್ನು ಮಡಚಿಟ್ಟ.

ಅಷ್ಟರಲ್ಲಿ ಕನ್ನಡಿಯಲ್ಲಿ ತಮ್ಮ ಕುತ್ತಿಗೆಯ ನೊರೆ ಕೆಂಪಾಗಿರುವುದು ಮಾವನಿಗೆ ಕಂಡಿತು. "ಕೊಯ್ದೇಬಿಟ್ಟೆಯಲ್ಲೋ!" ಎಂದು ಚೀರಿ, ನೊರೆ ಒರೆಸಿ ತಡವಿಕೊಂಡರು. ಒಂದು ಗೀರೂ ಇರಲಿಲ್ಲ. ತಿರುಗಿ ನೋಡಿದರೆ ಅಳಿಯ ಎಡಗೈಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಟವೆಲ್ ಆಗಲೇ ತೊಯ್ದಿತ್ತು. "ಕತ್ತಿ ಎತ್ತೋಕೆ ಹೊತ್ತಿರಲಿಲ್ಲ ಮಾವ," ಎಂದ, ತಪ್ಪು ಮಾಡಿದವನಂತೆ. "ಅದಕ್ಕೇ ಕೈ ಅಡ್ಡ ಇಟ್ಟೆ."

ಮಾವ ಅರ್ಧ ಬೋಳಿಸಿದ ಗಡ್ಡದಲ್ಲೇ ಎದ್ದು, ಅಳಿಯನ ತೋಳು ಹಿಡಿದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಅವನ ಮುಷ್ಟಿ ಬಿಡಿಸುವಾಗ ನಡುಗುತ್ತಿದ್ದದ್ದು ಅವರ ಕೈ.