ಪರದೆಗೆ ಒಂದೇ ಅಕ್ಷರ

ಜನರ ಕಣ್ಣು ದಣಿದಂತೆಲ್ಲ ಅಕ್ಷರಗಳನ್ನು ದೊಡ್ಡದು ಮಾಡುತ್ತ ಬಂದದ್ದರಿಂದ, ಈಗ ಓದುವ ಯಂತ್ರದ ಪರದೆಗೆ ಒಂದೇ ಅಕ್ಷರ ಹಿಡಿಸುತ್ತದೆ. ಕಾಗದದ ಪುಸ್ತಕ ಎಲ್ಲೂ ಉಳಿದಿಲ್ಲ. ಮಠದಲ್ಲಿ ಶ್ರಾವಣದ ಪುರಾಣ ಹಚ್ಚಿದ ಮೇಲೆ ನಡುವೆ ಬಿಡುವಂತಿಲ್ಲ. ಊರಿನಲ್ಲಿ ಇನ್ನೂ ಓದಬಲ್ಲವನು ಈರಯ್ಯನೊಬ್ಬನೇ. ಅವನು ಒಂದೊಂದೇ ಅಕ್ಷರ ಹೇಳುತ್ತಾನೆ, ಹೆಂಡತಿ ಶಾಂತವ್ವ ಕೂಡಿಸಿಕೊಂಡು ಹಾಡುತ್ತಾಳೆ.

ಇವತ್ತು ಶರಣರು ಹೊಳೆ ದಾಟುವ ಪದ್ಯದ ಅರ್ಧಕ್ಕೆ ಅವನು ನಿಂತ. ಶಾಂತವ್ವ ಅವನ ಕಣ್ಣಿಗೆ ತಣ್ಣೀರಿನ ಬಟ್ಟೆ ಇಟ್ಟು ತೆಗೆದಳು.

"ಇನ್ನೊಂಚೂರು ದೊಡ್ಡದ ಮಾಡ್ಲೇನ್ರಿ?"

"ಮಾಡಿದ್ರ ಅರ್ಧ ಅಕ್ಷರ ಅಷ್ಟ ಹಿಡಿತೈತಿ."

"ಈಗೇನ್ ಕಾಣ್ತೈತ್ರಿ?"

"ಬೆಳಕು. ಬರೇ ಬೆಳಕು."

ಕಂಬಕ್ಕೊರಗಿದ್ದ ಮುದುಕ ಕೇಳಿದ: "ಶರಣರು ಹೊಳಿ ದಾಟಿದ್ರೋ, ಇಲ್ಲಾ ನೀರಾಗ ನಿಲ್ಲಿಸಿಬಿಟ್ರೋ?"

ಶಾಂತವ್ವ ನಡುಹೊಳೆಯವರೆಗಿನ ಅರ್ಧ ಪದ್ಯವನ್ನೇ ಮತ್ತೆ ಮೊದಲಿನಿಂದ ಎತ್ತಿಕೊಂಡಳು.