ಐದನೇ ಕ್ಯಾಮೆರಾ

“ಗೆರೆ ಮುಟ್ಟೀನಿ! ಮುಟ್ಟೀನಿ ಅಂದ್ರೆ ಮುಟ್ಟೀನಿ!”

ಬಸವಾಪಟ್ಟಣದ ಹಾಲಿನ ಡೇರಿ ಅಂಗಳದಲ್ಲಿ ಕೆಂಚೇಶ ಗಂಟಲು ಹರಿಯುವಂತೆ ಕೂಗಿದ. ಕಬಡ್ಡಿ ಫೈನಲ್ಲು, ಸಮಸಮ ಅಂಕ, ಕಡೇ ರೈಡು. ಹೊನ್ನಾಳಿಯ ಮೂವರು ಮೈಮೇಲೆ ಬಿದ್ದು ಅವುಚಿ ಹಿಡಿದಿದ್ದರೂ ನಡುಗೆರೆಯತ್ತ ಕೈ ಚಾಚಿದ್ದ. ಬೆರಳು ಮುಟ್ಟಿದ್ದರೆ ಟ್ರೋಫಿ ಇವರದು, ಇಲ್ಲದಿದ್ದರೆ ಹೊನ್ನಾಳಿಯದು. ಎದ್ದ ದೂಳಿನಲ್ಲಿ ಅಂಪೈರಿಗೆ ಏನೂ ಕಂಡಿರಲಿಲ್ಲ.

“ಡೇರಿ ಕ್ಯಾಮೆರಾ ಐತಲ್ಲ, ನೋಡೇಬಿಡಾನ ಬರ್ರಿ!” ಎಂದವನೂ ಕೆಂಚೇಶನೇ. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಕ್ಯಾಮೆರಾ ಕೆಲಸ ಕಲಿತವನು. ಹಳೆಯ ನಾಲ್ಕು ಕ್ಯಾಮೆರಾಗಳ ಜೊತೆ ಹೊಸ ಎಚ್‌ಡಿ ಕ್ಯಾಮೆರಾವನ್ನೂ ನಡೆಸಿ ಚಿತ್ರ ದಾಖಲಿಸುವ ಹೈಬ್ರಿಡ್ ಡಿವಿಆರ್ ಪೆಟ್ಟಿಗೆಯನ್ನು ಹೋದ ವಾರವಷ್ಟೇ ಇಲ್ಲಿ ಕೂರಿಸಿದ್ದ. ಅದಕ್ಕಾಗಿ ಡೇರಿಯ ಕಾರ್ಯದರ್ಶಿ ಮಹೇಶ್ವರಪ್ಪನ ಜೊತೆ ಜಗಳವೇ ಆಗಿತ್ತು.

“ಹಳೇವು ನಾಕು ಅದಾವಲ್ಲೋ, ಹೊಸದ್ಯಾಕೆ?”

“ನಿಮ್ಮ ಹಳೇವ್ರಾಗೆ ಎಮ್ಮೆ ಯಾವ್ದು, ಮನುಷ್ಯ ಯಾವ್ದು ಗೊತ್ತಾಗಲ್ರೀ!”

ಈಗ ಪುಟ್ಟ ಆಫೀಸಿನಲ್ಲಿ ಉಸಿರಾಡಲೂ ಜಾಗವಿಲ್ಲ. ಕಿಟಕಿಯ ತುಂಬ ತಲೆಗಳು. ಕೆಂಚೇಶ ಮೌಸ್ ಒತ್ತಿ ಅಂಗಳದ ಹಳೇ ಕ್ಯಾಮೆರಾ ತೆರೆದ. ಮಸುಕು ಮಸುಕಾಗಿ ಒಂದು ಕೈ, ಗೆರೆಯ ಮೇಲೆ.

“ಮುಟ್ಟ್ಯಾನ್ರೋ!” ಶಿಳ್ಳೆಗೆ ಕಿಟಕಿ ಅದುರಿತು. ಯಾರೋ ಅವನನ್ನು ಎತ್ತಿಯೇಬಿಟ್ಟರು.

“ಪೆಟ್ಟಿಗೆ ನಿಂದು, ಮೌಸೂ ನಿಂದು,” ಹೊನ್ನಾಳಿಯ ನಾಯಕ ಮಹಾಂತೇಶ ಕುಟುಕಿದ. “ಅದು ಕೈಯೋ ನೆರಳೋ ಯಾರಿಗ್ಗೊತ್ತು ಬಿಡಪ್ಪ!”

“ಏನಂದ್ಯಲೇ?” ಕೆಂಚೇಶನ ನೆತ್ತಿಗೆ ರಕ್ತ ನುಗ್ಗಿತು. ಕೆಳಗೆ ಧುಮುಕಿ, ಅವನ ಕೊರಳಪಟ್ಟಿಗೆ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಬೆರಳ ತುದಿಯಲ್ಲೆಲ್ಲ ಕೆಂಪು ಮಣ್ಣು. ಗೆರೆಗೆ ಹಾಕಿದ್ದು ಸುಣ್ಣದ ಪುಡಿ. ಒಂದು ಚೂರೂ ಬಿಳಿ ಇಲ್ಲ.

ಬೇರೆ ಯಾರೂ ಅದನ್ನು ನೋಡಲಿಲ್ಲ.

“ಮುಗೀತಲ್ಲ, ನಡೀರಿ, ಹಾಲು ಹಾಕೋ ಹೊತ್ತಾತು,” ಎಂದ ಮಹೇಶ್ವರಪ್ಪ.

“ಇರ್ರಿ.” ಕೆಂಚೇಶ ಕೈ ಕೆಳಗಿಳಿಸಿ ಮೌಸ್ ಹಿಡಿದ. “ಐದನೇದು ಐತೆ.”

ಗೇಟಿನ ಮೇಲಿನ ಹೊಸ ಕ್ಯಾಮೆರಾ ತೆರೆದುಕೊಂಡಿತು. ಅದೇ ಕೈ. ಚಿತ್ರ ಹಿಗ್ಗಿಸಿದ. ಅವನ ಬೆರಳಿಗೂ ಬಿಳಿ ಗೆರೆಗೂ ನಡುವೆ ಒಂದು ಅಡಿಕೆ ಹೋಳು ಕೂರುವಷ್ಟು ಜಾಗ.

ಶಿಳ್ಳೆ ನಿಂತಿತು. ಮಹೇಶ್ವರಪ್ಪ ಕನ್ನಡಕ ಸರಿಮಾಡಿಕೊಂಡು ಪರದೆಗೆ ಮುಖ ಹಚ್ಚಿದ.

“ಲೇ ಕೆಂಚ, ಉಗುರಾಗಿನ ಮಣ್ಣೂ ಕಾಣ್ತೈತಲ್ಲೋ!”

“ನಾನು ಹೇಳಿರಲಿಲ್ವೇನ್ರೀ!” ಎಂದು ಕೆಂಚೇಶ, ಗೆರೆ ಮುಟ್ಟದ ಅದೇ ಕೈಯಿಂದ ಮೇಜು ಗುದ್ದಿದ.