ಹೂವಿಲ್ಲದ ಐವತ್ತು ಕಡ್ಡಿಗಳು

"ಇವರು ಯಾರು ಸಾರ್?"

ಕ್ರಾಫ್ಟ್ ಮೇಷ್ಟ್ರು ಕತ್ತರಿ ಕೆಳಗಿಟ್ಟರು. ಅಲ್ಲಿಯವರೆಗೆ ಕೆಲಸ ಸರಾಗವಾಗಿ ಸಾಗಿತ್ತು. ಬೇರೆ ಬೇರೆ ಯುದ್ಧಗಳಲ್ಲಿ ಮಡಿದ ಊರಿನವರು ಅರವತ್ತೊಂದು ಮಂದಿ. ಶನಿವಾರದ ಸಭೆಗೆ ಅವರ ಹೆಸರಿನಲ್ಲಿ ಅರವತ್ತೊಂದು ಕಾಗದದ ಹೂವು. ಉದ್ದನೆಯ ಮೇಜಿನ ಸುತ್ತ ಮಕ್ಕಳ ಸಾಲು. ಒಬ್ಬ ಎಸಳು ಕತ್ತರಿಸಬೇಕು, ಪಕ್ಕದವಳು ಅದನ್ನು ತಂತಿಗೆ ಸುತ್ತಬೇಕು, ಇನ್ನೊಬ್ಬ ಹಸಿರು ಪಟ್ಟಿ ಅಂಟಿಸಬೇಕು. ಮರಳಿನ ಪೆಟ್ಟಿಗೆಯಲ್ಲಿ ನೆಟ್ಟ ಕಡ್ಡಿಗಳಿಗೆ ಮೇಷ್ಟ್ರು ಆಗಲೇ ಹೆಸರಿನ ಚೀಟಿ ಅಂಟಿಸಿಟ್ಟಿದ್ದರು. ಅವಕ್ಕೆ ಹೂವು ಕಟ್ಟುವ ಕೊನೆಯ ಕೆಲಸ ಅವರ ಗ್ರಹಚಾರಕ್ಕೆ ಯಾಕಮ್ಮನ ಪಾಲಿಗೆ ಬಂದಿತ್ತು. ಎಲ್ಲದಕ್ಕೂ ಯಾಕೆ ಎನ್ನುವ ಹುಡುಗಿಗೆ ಶಾಲೆ ಇಟ್ಟ ಹೆಸರದು.

"ಹುತಾತ್ಮರು. ಬೇಗ ಕಟ್ಟು."

"ಅದು ಎಲ್ರೂ ಹೌದಲ್ಲ ಸಾರ್. ಇವರು ಹೇಗಿದ್ರು ಅಂತ ಕೇಳಿದ್ದು."

ಮೇಷ್ಟ್ರು ಕನ್ನಡಕ ಏರಿಸಿ ಚೀಟಿ ನೋಡಿದರು. "ಅಯ್ಯೋ, ಇವನಾ! ಇದೇ ಮೇಜಲ್ಲಿ ಕೂತಿದ್ದ ಕಣೇ. ಮೈದಾ ಅಂಟು ಕೊಟ್ರೆ ಹಚ್ಚೋದಕ್ಕಿಂತ ನೆಕ್ಕೋದೇ ಜಾಸ್ತಿ." ಅವರಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಯಾಕಮ್ಮ ಆ ಕಡ್ಡಿಗೆ ಹೂವು ಕಟ್ಟಿ, ಎರಡನೆಯದನ್ನು ಮುಟ್ಟಿ, ಮತ್ತೆ ಮೇಷ್ಟ್ರ ಮುಖ ನೋಡಿದಳು.

"ಇವರು ನಂಗೆ ಗೊತ್ತಿಲ್ಲ," ಎಂದರು ಮೇಷ್ಟ್ರು.

"ಹಾಗಾದ್ರೆ ಗೊತ್ತಾದ್ಮೇಲೆ ಕಟ್ತೀನಿ."

"ಶನಿವಾರ ಪಂಚಾಯ್ತಿ ಅಧ್ಯಕ್ಷರು ಬರ್ತಾರೆ. ಊರೋರ ಮುಂದೆ ನನ್ನ ಮರ್ಯಾದೆ ತೆಗೀಬೇಕು ಅಂತಿದ್ದೀಯಾ?"

ಯಾಕಮ್ಮ ಜಗ್ಗಲಿಲ್ಲ. ಅವಳ ಮುಂದೆ ಹೂವಿನ ರಾಶಿ ಬೆಳೆಯುತ್ತಲೇ ಹೋಯಿತು. ಕಟ್ಟುವವಳು ಕೈಕಟ್ಟಿ ಕೂತರೆ ಉಳಿದವರು ಎಷ್ಟು ಸುತ್ತಿ ಏನು ಪ್ರಯೋಜನ? ಮಕ್ಕಳು ಚೀಟಿ ನೋಡಿ ಹೆಸರು ಬರೆದುಕೊಂಡು ಊರಲ್ಲಿ ವಿಚಾರಿಸಲು ಹೊರಟರು. ಕ್ಷೌರದಂಗಡಿ, ಹಳೆಯ ಪೋಸ್ಟ್‌ಮನ್ ಮನೆ, ಟೈಲರಮ್ಮನ ಜಗಲಿ, ಯಾವುದನ್ನೂ ಬಿಡಲಿಲ್ಲ. ಒಬ್ಬರು ಎರಡು ಬೆರಳಿಟ್ಟು ಸಿಳ್ಳೆ ಹೊಡೆದರೆ ಹೋಗುವ ಬಸ್ಸು ನಿಲ್ಲುತ್ತಿತ್ತಂತೆ. ಇನ್ನೊಬ್ಬರು ಗಣಿತದಲ್ಲಿ ಮೂರು ಸಲ ಡುಮ್ಕಿ. ಮತ್ತೊಬ್ಬರು ತಂಗಿಗೆ ಜಡೆ ಹೆಣೆಯುವುದರಲ್ಲಿ ನಿಸ್ಸೀಮರು. ಸುದ್ದಿ ಬಂದಂತೆ ಯಾಕಮ್ಮ ಒಂದೊಂದೇ ಹೂವು ಕಟ್ಟಿದಳು. ಎಂಟು ವರ್ಷದ ಹುಡುಗಿಯ ಆ ಹಟಕ್ಕೆ ಕೈ ಮುಗಿಯಬೇಕು. ಆದರೂ ಶುಕ್ರವಾರ ಸಂಜೆಗೆ ಹೂವು ಬಿದ್ದದ್ದು ಹನ್ನೊಂದೇ ಕಡ್ಡಿಗೆ.

ಉಳಿದ ಐವತ್ತನ್ನು ತಾವೇ ಕಟ್ಟಿ ಮುಗಿಸೋಣವೆಂದು ಶನಿವಾರ ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಂದರು. ಬುಟ್ಟಿಯಿಂದ ಒಂದು ಹೂವು ತೆಗೆದರು, ಕಡ್ಡಿಯ ಮೇಲಿನ ಹೆಸರು ಓದಿದರು, ಇನ್ನೊಮ್ಮೆ ಓದಿದರು. ಏನೂ ನೆನಪಾಗಲಿಲ್ಲ. ಹೂವನ್ನು ಮತ್ತೆ ಬುಟ್ಟಿಗೆ ಹಾಕಿ ಕುರ್ಚಿಗಳನ್ನು ಸಾಲಾಗಿ ಇಡಲು ಹೋದರು.

ಸಭೆ ತುಂಬಿತು. ಅಧ್ಯಕ್ಷರು ಮರಳಿನ ಪೆಟ್ಟಿಗೆ ನೋಡಿ ಹುಬ್ಬೇರಿಸಿದರು. "ಏನ್ ಮೇಷ್ಟ್ರೇ, ಹೂವು ಸಾಲ್ಲಿಲ್ವಾ?"

ಮೇಷ್ಟ್ರು ಬುಟ್ಟಿ ಎತ್ತಿ ತೋರಿಸಿದರು. "ಹೂವು ಬುಟ್ಟಿ ತುಂಬಾ ಇದೆ. ಈ ಐವತ್ತು ಜನ ಹೇಗಿದ್ರು ಅನ್ನೋದೇ ನಮಗೆ ಗೊತ್ತಿಲ್ಲ. ಗೊತ್ತಿದ್ದೋರು ಹೇಳಿದ್ರೆ ಮಕ್ಕಳು ಕಟ್ತಾರೆ."

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, ಕುರ್ಚಿಗಳ ಬೆನ್ನು ಹಿಡಿದುಕೊಂಡು ಮುಂದೆ ಬಂದಳು. ಚೀಟಿಗಳ ಮೇಲೆ ಬೆರಳಾಡಿಸುತ್ತಾ ಒಂದರ ಬಳಿ ನಿಂತಳು. ಯಾಕಮ್ಮ ಹೂವು ಹಿಡಿದು ಓಡಿದಳು.

"ನನ್ನ ತಮ್ಮ ಕಣಮ್ಮ," ಎಂದಳು ಅಜ್ಜಿ. "ಕತ್ತಲೆ ಅಂದ್ರೆ ಜೀವ ಹೋಗ್ತಿತ್ತು ಅವನಿಗೆ. ಅಂಗಳ ದಾಟೋಕೂ ನಾನೇ ದೀಪ ಹಿಡ್ಕೊಂಡು ಹೋಗ್ಬೇಕಿತ್ತು. ಅಲ್ಲಿ ಅವನ ಜೊತೆ ಯಾರು ಹೋದ್ರೋ."